ಗ್ರಾಮಕ್ಕೆ ಬೇಕಾದ ಬಿಸಿ: ಸೌರ ಶಾಖದ ಬಳಕೆ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ತಾರಸಿಗಳ ಮೇಲೆ, ಸೋಲಾರ್ ವಾಟರ್ ಹೀಟರ್ ಎಂದು ಎಲ್ಲರೂ ಕರೆಯುವ ಸೌರ ಜಲತಾಪಕಗಳು ಸಾಮಾನ್ಯ ನೋಟ. ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯಲ್ಲಿ ನಿಗದಿತ ವಿಸ್ತೀರ್ಣ ಮೀರಿದ ಮನೆಗಳಿಗೆ ಇವುಗಳನ್ನು ರಾಜ್ಯ ಸರ್ಕಾರವು 2007ರ ನವೆಂಬರ್‌ನಲ್ಲಿ ಕಡ್ಡಾಯಗೊಳಿಸಿತು. ಕೆಂಗೇರಿ ದಾಟಿ ರಾಮೋಹಳ್ಳಿ, ಸೂಲಿಕೆರೆಗಳತ್ತ ಸಾಗಿದರೆ ಬಿಸಿಲು ಅದೇ. ಆದರೆ ಗ್ರಾಮಗಳಲ್ಲಿ ಸ್ನಾನದ ನೀರು ಇಂದಿಗೂ ಹಲವೆಡೆ ಬಚ್ಚಲ ಹಂಡೆಯಲ್ಲಿ, ಸೌದೆಯ ಉರಿಯಲ್ಲಿ ಕಾಯುತ್ತದೆ.

ಪಂಚಾಯಿತಿ ಸಭೆಗಳಲ್ಲಿ ಸೌರಶಕ್ತಿ ಎಂದೊಡನೆ ಬೀದಿದೀಪದ ಪ್ರಸ್ತಾವ ಬರುತ್ತದೆ. ದೀಪ ಬೇಕು, ನಿಜ. ಆದರೆ ಗ್ರಾಮವು ಬಳಸುವ ಶಕ್ತಿಯಲ್ಲಿ ಬೆಳಕಿನ ಪಾಲು ಚಿಕ್ಕದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ತಂಡವು ಕುಣಿಗಲ್ ತಾಲ್ಲೂಕಿನ ಪುರ ಮೊದಲಾದ ಗ್ರಾಮಗಳ ಶಕ್ತಿಬಳಕೆಯನ್ನು ಮನೆಮನೆಗೂ ಹೋಗಿ ಅಳೆಯಿತು. ಅತಿ ಹೆಚ್ಚಿನ ಪಾಲು ಸೌದೆಯದು. ಅದು ಮುಖ್ಯವಾಗಿ ಅಡುಗೆಗೆ ಮತ್ತು ಸ್ನಾನದ ನೀರಿಗೆ ಉರಿಯುತ್ತಿತ್ತು. ಅಸ್ತ್ರ ಒಲೆ ಹುಟ್ಟಿದ್ದು ಈ ಅಗತ್ಯದಿಂದಲೇ. ಅಡುಗೆಮನೆಗೆ ಈಗ ಗ್ಯಾಸ್ ಬಂದಿದೆ. ಬಚ್ಚಲಿನ ಒಲೆ ಮಾತ್ರ ಯಾರ ಲೆಕ್ಕಕ್ಕೂ ಸಿಗದೆ ಉಳಿದಿದೆ.

ಲೆಕ್ಕ ಸರಳವಾಗಿದೆ. 100 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 4.6 ಯೂನಿಟ್ ಶಕ್ತಿ ಬೇಕು. ಹಂಡೆಯೊಲೆಯ ಉರಿಯಲ್ಲಿ ಹತ್ತರಲ್ಲೊಂದು ಪಾಲು ನೀರಿಗೆ ತಲುಪುತ್ತದೆ ಎಂದಿಟ್ಟುಕೊಂಡರೆ, ಇದಕ್ಕೆ 10 ಕೆ.ಜಿ.ಯಷ್ಟು ಒಣಸೌದೆ ಬೇಕಾಗುತ್ತದೆ. ಹೊಗೆ ಸೌದೆ ಒಟ್ಟುವವರ ಪಾಲಿಗೆ. ಬೆಂಗಳೂರಿನ ಬಿಸಿಲಿನ ದಿನದಲ್ಲಿ 2 ಚದರ ಮೀಟರ್ ಫಲಕದ ಮೇಲೆ ಬೀಳುವ ಶಕ್ತಿ ಸುಮಾರು 10 ಯೂನಿಟ್. ಜಲತಾಪಕವು ಅದರಲ್ಲಿ ಅರ್ಧದಷ್ಟನ್ನು ನೀರಿಗೆ ಸೇರಿಸಬಲ್ಲದು. ವಿದ್ಯುತ್ ಫಲಕವು ಐದರಲ್ಲೊಂದು ಪಾಲನ್ನಷ್ಟೇ ವಿದ್ಯುತ್ತಾಗಿಸುತ್ತದೆ. ಬಿಸಿಯೇ ಬೇಕಾದಲ್ಲಿ ಬಿಸಿಲನ್ನು ಮೊದಲು ವಿದ್ಯುತ್ತಾಗಿಸುವುದು ಸುತ್ತುದಾರಿ.

ಜಲತಾಪಕದಲ್ಲಿ ಸಾಮಾನ್ಯವಾಗಿ ಪಂಪು ಇರುವುದಿಲ್ಲ. ಫಲಕದಲ್ಲಿ ಕಾದ ನೀರು ಹಗುರಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಆದುದರಿಂದ ತಣ್ಣೀರಿನ ಟ್ಯಾಂಕಿನ ತಳವು ಬಿಸಿನೀರಿನ ಟ್ಯಾಂಕಿಗಿಂತ ಎತ್ತರದಲ್ಲಿರಬೇಕು. ಹೊಸ ಕಟ್ಟಡದ ಅಂದಾಜುಪಟ್ಟಿಯಲ್ಲಿ ಇದನ್ನು ಮರೆತರೆ, ಆಮೇಲೆ ತಾರಸಿಯ ಮೇಲೆ ಪ್ರತ್ಯೇಕ ಕಬ್ಬಿಣದ ಸ್ಟ್ಯಾಂಡ್ ಕಟ್ಟುವ ಖರ್ಚು ಬೀಳುತ್ತದೆ. ಫಲಕವು ದಕ್ಷಿಣಾಭಿಮುಖವಾಗಿದ್ದು, ಮರದ ಅಥವಾ ಪಕ್ಕದ ಕಟ್ಟಡದ ನೆರಳು ಬೀಳದಂತಿರಬೇಕು. ಬಿಸಿನೀರಿನ ಪೈಪು ಉದ್ದವಾದಷ್ಟೂ ಬಿಸಿ ದಾರಿಯಲ್ಲೇ ಕರಗುತ್ತದೆ.

ಸಾಧನಗಳು ಹಾಳಾಗಲು ಮುಖ್ಯ ಕಾರಣಗಳಲ್ಲಿ ಒಂದು ಕೊಳವೆಬಾವಿಯ ಗಡಸು ನೀರು. ಸುಣ್ಣದ ಪದರವು ತಾಮ್ರದ ಸಣ್ಣ ಕೊಳವೆಗಳ ಒಳಗೆ ಕಟ್ಟಿಕೊಂಡು ಹರಿವನ್ನೇ ತಡೆಯುತ್ತದೆ. ನೀರು ಕಾಯುತ್ತಿಲ್ಲವೆಂಬ ದೂರು ಬಂದಾಗ ಬಿಸಿಲನ್ನು ದೂಷಿಸುವ ಮೊದಲು ಕೊಳವೆಗಳನ್ನು ಪರೀಕ್ಷಿಸುವುದು ಒಳಿತು. ಗಾಜಿನ ಕೊಳವೆಗಳ ಮಾದರಿಯು ಗಡಸು ನೀರನ್ನು ಹೆಚ್ಚು ತಾಳುತ್ತದೆ, ಶುಚಿಗೊಳಿಸುವುದೂ ಸುಲಭ. ಆದರೆ ಕೋತಿಗಳ ಕಾಟವಿರುವ ಊರಿನಲ್ಲಿ ಗಾಜು ಎಷ್ಟು ದಿನ ಉಳಿಯುವುದೆಂದು ಸದಸ್ಯರೇ ಬಲ್ಲರು. ಖರೀದಿಗೆ ಮೊದಲು ನೀರಿನ ಗಡಸುತನವನ್ನು ಪರೀಕ್ಷಿಸಿ ಮಾದರಿಯನ್ನು ನಿರ್ಧರಿಸತಕ್ಕದ್ದು.

ಮೊದಲ ಆದ್ಯತೆ ಪ್ರಾಥಮಿಕ ಆರೋಗ್ಯ ಕೇಂದ್ರದ ಹೆರಿಗೆ ಕೊಠಡಿ ಮತ್ತು ವಿದ್ಯಾರ್ಥಿನಿಲಯಗಳಿಗೆ ಸಲ್ಲಬೇಕು. ಶಾಲೆಯ ಬಿಸಿಯೂಟದ ಅಡುಗೆಗೆ ಮೊದಲೇ ಕಾದ ನೀರನ್ನು ಬಳಸಿದರೆ ಗ್ಯಾಸ್ ಉಳಿಯುತ್ತದೆ. ಮೋಡದ ದಿನಗಳಿಗೆ ವಿದ್ಯುತ್ ಕಾಯಿಲಿನ ವ್ಯವಸ್ಥೆ ಇರಲಿ.

ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಅಸಾಂಪ್ರದಾಯಿಕ ಶಕ್ತಿಮೂಲಗಳು ಪಂಚಾಯಿತಿಗಳಿಗೆ ಸೇರಿದ 15ನೆಯ ವಿಷಯ. ವಾರ್ಷಿಕ ಕ್ರಿಯಾಯೋಜನೆಯಲ್ಲಿ ಜಲತಾಪಕವನ್ನು ಸೇರಿಸುವಾಗ ಖರೀದಿಯ ಮೊತ್ತದ ಜೊತೆಗೇ ಪ್ರತಿ ವರ್ಷ ಸುಣ್ಣ ತೆಗೆಸುವ ಖರ್ಚನ್ನೂ ತೋರಿಸಿ, ಅದರ ಹೊಣೆ ಯಾರದೆಂಬುದನ್ನು ನಡಾವಳಿಯಲ್ಲಿ ದಾಖಲಿಸತಕ್ಕದ್ದು.