ಗಾಡಿ ಇಲ್ಲ, ಲಾಸ್ಟ್ ಬಸ್ ಐದಕ್ಕೆ: ಕಾಫಿನಾಡಲ್ಲಿ ಕಾಲೇಜಿಗೆ ಹೋಗೋದು ಹೇಗೆ?

"ಅಣ್ಣಾ, ಚಿಕ್ಕಮಗಳೂರಲ್ಲಿ ಸೀಟ್ ಸಿಕ್ಕಿದೆ. ಗಾಡಿ ಇಲ್ದೆ ಮೂಡಿಗೆರೆಯಿಂದ ದಿನಾ ಓಡಾಡಬಹುದಾ?" ಅಡ್ಮಿಷನ್ ಟೈಮಲ್ಲಿ ಈ ಪ್ರಶ್ನೆ ಬಂದೇ ಬರುತ್ತೆ. ಬಿ.ಕಾಂ. ಓದಿದವನು ನಾನು, ಮೊದಲು ಲೆಕ್ಕ ಹಾಕೋಣ.

ಮೂಡಿಗೆರೆಯಿಂದ ಆಲ್ದೂರು ದಾಟಿ ಚಿಕ್ಕಮಗಳೂರಿಗೆ ಸುಮಾರು 30 ಕಿ.ಮೀ. ಹೋಗಿ ಬಂದ್ರೆ 60. ಬೈಕು ಲೀಟರಿಗೆ 50 ಕೊಟ್ಟರೂ ದಿನಕ್ಕೆ 120 ರೂಪಾಯಿ ಪೆಟ್ರೋಲ್. ಕೆಎಸ್‌ಆರ್‌ಟಿಸಿ ವಿದ್ಯಾರ್ಥಿ ಪಾಸ್‌ಗೆ ಡಿಗ್ರಿಯವರು ಈಚಿನ ವರ್ಷಗಳಲ್ಲಿ ಕಟ್ಟಿದ್ದು 10 ತಿಂಗಳಿಗೆ 1,050 ರೂಪಾಯಿ. ಅಂದ್ರೆ ಒಂಬತ್ತು ದಿನದ ಪೆಟ್ರೋಲ್ ದುಡ್ಡಲ್ಲಿ ಇಡೀ ವರ್ಷದ ಬಸ್. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರೋದ್ರಿಂದ ಹುಡುಗೀರಿಗೆ ಅದೂ ಬೇಡ.

ದುಡ್ಡಿನ ಲೆಕ್ಕ ಮುಗೀತು. ತಲೆನೋವು ಇರೋದು ಟೈಮಿನ ಲೆಕ್ಕದಲ್ಲಿ.

ಪಾಸಾಗಲಿ ಶಕ್ತಿಯಾಗಲಿ ನಡೆಯೋದು ಸರ್ಕಾರಿ ಬಸ್ಸಲ್ಲಿ. ಮೇನ್ ರೋಡ್ ಬಿಟ್ಟು ಎಸ್ಟೇಟ್ ಕಡೆ ತಿರುಗಿದ್ರೆ ಎಷ್ಟೋ ಕಡೆ ಇರೋದು ಖಾಸಗಿ ಬಸ್ಸು, ಅದೂ ಬೆರಳೆಣಿಕೆ ಟ್ರಿಪ್. ಮೊದಲು ಮಲೆನಾಡಿನ ಇಂಥ ರಸ್ತೆಗಳಲ್ಲಿ ಕೊಪ್ಪದ ಸಹಕಾರ ಸಾರಿಗೆ ಓಡ್ತಿತ್ತು. ಶಂಕರ್ ಕಂಪನಿ ಮುಚ್ಚಿದಾಗ ಕೆಲಸ ಕಳ್ಕೊಂಡ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಂಸ್ಥೆ ಅದು. ಡ್ರೈವರೂ ಕಂಡಕ್ಟರೂ ಅದರ ಮಾಲೀಕರೇ! ನಷ್ಟ ತಡೀಲಾರದೆ 2020ರ ಫೆಬ್ರುವರಿಯಲ್ಲಿ, ಲಾಕ್‌ಡೌನ್‌ಗೂ ಮುಂಚೆ, ನಿಂತುಹೋಯ್ತು.

ನಾನು ಓದುವಾಗ ನಮ್ಮೂರ ಲಾಸ್ಟ್ ಬಸ್ ಐದು ಗಂಟೆಗೆ, ಕೊನೇ ಪೀರಿಯಡ್ ಮುಗಿಯೋದು 4.50ಕ್ಕೆ. ಮೂರು ವರ್ಷ ಆ ಪೀರಿಯಡ್‌ನ ಕೊನೇ ಹತ್ತು ನಿಮಿಷ ಕೇಳಲೇ ಇಲ್ಲ. ಕಾಸ್ಟ್ ಅಕೌಂಟಿಂಗ್ ಇವತ್ತಿಗೂ ಅರ್ಧಂಬರ್ಧ.

ಬಸ್ ತಪ್ಪಿದ್ರೆ ಮೇನ್ ರೋಡಲ್ಲಿಳಿದು ತೋಟದೊಳಗೆ ಎರಡು-ಮೂರು ಕಿ.ಮೀ. ನಡಿಗೆ. ಮಳೆಗಾಲ, ಕರೆಂಟಿಲ್ಲ, ಊರಿನ ವಾಟ್ಸಾಪ್ ಗ್ರೂಪಲ್ಲಿ "ಆನೆ ಈ ಕಡೆ ಬಂದಿದೆ" ಅಂತ ಮೆಸೇಜ್. ಟಿಕೆಟ್ ಫ್ರೀ ಇದ್ರೂ ಕೆಲವು ಮನೆಗಳಲ್ಲಿ ಮಗಳಿಗೆ "ಓದಿದ್ದು ಸಾಕು" ಅನ್ನೋದು ಈ ಮೂರು ಕಿಲೋಮೀಟರಿಗೆ ಹೆದರಿ.

ಕಳಸದವರ ಕಥೆ ಬೇರೆ. ಚಿಕ್ಕಮಗಳೂರು 90 ಕಿ.ಮೀ. ಹತ್ತಿರ, ಪಾಸ್ ಸಿಗೋದು 60 ಕಿ.ಮೀ. ಒಳಗೆ. ದಿನಾ ಓಡಾಟ ಮರೆತುಬಿಡಿ. ಕಳಸದಲ್ಲೇ ಸರ್ಕಾರಿ ಪದವಿ ಕಾಲೇಜಿದೆ. ಇಲ್ಲಾಂದ್ರೆ ಅಡ್ಮಿಷನ್ ಜೊತೆಗೇ ಬಿಸಿಎಂ ಹಾಸ್ಟೆಲ್‌ಗೆ ಅರ್ಜಿ ಹಾಕಿ.

ಉಳಿದವರು ಫೀಸ್ ಕಟ್ಟೋಕೆ ಮುಂಚೆ ಬಸ್ ಸ್ಟ್ಯಾಂಡಿಗೆ ಹೋಗಿ. ನಿಮ್ಮೂರಲ್ಲಿ ನೈಟ್ ಹಾಲ್ಟ್ ಬಸ್ ಇದೆಯಾ (ಇದ್ರೆ ಬೆಳಗ್ಗಿನ ಚಿಂತೆ ಇಲ್ಲ), ಸಂಜೆ ಕೊನೇದು ಎಷ್ಟಕ್ಕೆ ಅಂತ ಕಂಡಕ್ಟರನ್ನೇ ಕೇಳಿ. ಗೂಗಲ್ ಮ್ಯಾಪ್ ನಂಬಬೇಡಿ. ಕಾಲೇಜ್ ಟೈಮ್ ಟೇಬಲ್ ಪಕ್ಕದಲ್ಲಿಟ್ಟು ನೋಡಿ. ಹೊಂದದಿದ್ರೆ ಹತ್ತು-ಹದಿನೈದು ಜನ ಸಹಿ ಹಾಕಿ, ಪ್ರಿನ್ಸಿಪಾಲರ ಪತ್ರದ ಜೊತೆ ಡಿಪೋ ಮ್ಯಾನೇಜರಿಗೆ ಕೊಡಿ. "ಹೊಸ ಬಸ್ ಬಿಡಿ" ಅಂದ್ರೆ ಬಸ್ಸೂ ಬೇಕು, ಡ್ರೈವರೂ ಬೇಕು. "ಐದರ ಬಸ್ಸು ಐದೂಕಾಲಿಗೆ ಹೊರಡಲಿ" ಅಂತ ಬರೀರಿ. ಖಾಸಗಿ ಬಸ್ಸಾದ್ರೆ ಟೈಮಿಂಗ್ ಪರ್ಮಿಟ್‌ಗೆ ಸೇರಿದ್ದು, ಅರ್ಜಿ ಆರ್‌ಟಿಒ ಕಚೇರಿಗೆ ಹೋಗಬೇಕು.