ಲೋಲ್ ಅಂದರೆ ಪ್ರೀತಿಯಲ್ಲ, ನಗು

ಜನ್ನಾಪುರದಂಥ ಬಡಾವಣೆಯಲ್ಲಿ ಎಷ್ಟೋ ಮನೆಗಳ ಹಿರಿಯರು ಇಲ್ಲಿ, ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ. ಒಳ್ಳೆಯದು ಕೆಟ್ಟದ್ದು ಎಲ್ಲ ಗೊತ್ತಾಗುವುದು ವಾಟ್ಸ್‌ಆ್ಯಪ್ ಗ್ರೂಪಿನಲ್ಲೇ. ಮಕ್ಕಳು ಬರೆಯುವ ‘ಲೋಲ್’ ದೊಡ್ಡವರ ಕೈಗೂ ಹತ್ತಿದೆ. ಹುಟ್ಟುಹಬ್ಬದ ಹಾರೈಕೆಯ ಕೊನೆಗೆ ಅದಿದ್ದರೆ ಯಾರಿಗೂ ನೋವಿಲ್ಲ. ಆದರೆ ‘ಅಪ್ಪ ಬೆಳಿಗ್ಗೆ ಹೋಗಿಬಿಟ್ಟರು’ ಎಂದು ಮಗ ಹಾಕಿದ ಸುದ್ದಿಯ ಕೆಳಗೆ ಚಿಕ್ಕಮ್ಮ ‘ಧೈರ್ಯ ತಗೋ ಪುಟ್ಟಾ, ಲೋಲ್’ ಎಂದು ಬರೆದರೆ?

ತಪ್ಪು ಕಲ್ಪನೆ: ಲೋಲ್ ಎಂದರೆ ‘ಲಾಟ್ಸ್ ಆಫ್ ಲವ್’, ತುಂಬು ಪ್ರೀತಿ.

ಸತ್ಯ: ಇಂದು ಎಲ್ಲರೂ ಓದಿಕೊಳ್ಳುವುದು ‘ಲಾಫಿಂಗ್ ಔಟ್ ಲೌಡ್’ ಎಂದೇ, ಅಂದರೆ ಗಟ್ಟಿಯಾಗಿ ನಗುತ್ತಿದ್ದೇನೆ ಎಂದು. ಇಂಗ್ಲಿಷ್ ಕಾಗದಗಳನ್ನು ಪ್ರೀತಿಯ ಮಾತಿನಿಂದ ಮುಗಿಸುವ ರೂಢಿ ಕಂಡವರು ಆ ಮೂರಕ್ಷರವನ್ನು ಹಾಗೆ ಬಿಡಿಸಿಕೊಂಡದ್ದು ಸಹಜವೇ. ಇಂಗ್ಲಿಷರೇ ಎಡವಿದ್ದಾರೆ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಡೇವಿಡ್ ಕ್ಯಾಮರೂನ್ ಪ್ರೀತಿಯೆಂದೇ ತಿಳಿದು ತಮ್ಮ ಸಂದೇಶಗಳಿಗೆ ಇದನ್ನು ಹಾಕುತ್ತಿದ್ದರೆಂದು ಪತ್ರಿಕಾ ಸಂಪಾದಕಿಯಾಗಿದ್ದ ರೆಬೆಕಾ ಬ್ರೂಕ್ಸ್ 2012ರ ಮೇ ತಿಂಗಳಲ್ಲಿ, ಅಲ್ಲಿನ ಪತ್ರಿಕೆಗಳ ನಡತೆ ಕುರಿತ ಲೆವೆಸನ್ ವಿಚಾರಣೆಯ ಮುಂದೆ ಹೇಳಿದರು. ಹಾಗಿರುವಾಗ ಚಿಕ್ಕಮ್ಮನನ್ನು ಗ್ರೂಪಿನಲ್ಲೇ ಆಡಿಕೊಳ್ಳುವುದು ತೀರಾ ತಪ್ಪು. ಬೇರೆಯಾಗಿ ಫೋನ್ ಮಾಡಿ ತಿಳಿಸಿ ಹೇಳಬೇಕು.

ತಪ್ಪು ಕಲ್ಪನೆ: ಇದು ಮೊಬೈಲ್ ಹುಡುಗರು ಹುಟ್ಟುಹಾಕಿದ ಪದ.

ಸತ್ಯ: ಮೊಬೈಲ್ ನಮ್ಮ ಜೇಬಿಗೆ ಬರುವ ಮೊದಲೇ ಇದು ಕಂಪ್ಯೂಟರ್ ಹರಟೆಯಲ್ಲಿತ್ತು. 1980ರ ದಶಕದಲ್ಲಿ ತಾನೇ ಮೊದಲು ಹೀಗೆ ಬರೆದದ್ದೆಂದು ಕೆನಡಾದ ವೇಯ್ನ್ ಪಿಯರ್ಸನ್ ಹೇಳಿಕೊಂಡಿದ್ದಾರೆ. ಬರಹದ ಸಾಕ್ಷ್ಯ ಸಿಗುವುದು 1989ರ ಮೇ ತಿಂಗಳ ‘ಫೈಡೋನ್ಯೂಸ್’ ಎಂಬ ಕಂಪ್ಯೂಟರ್ ಸುದ್ದಿಪತ್ರದಲ್ಲಿ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು 2011ರ ಮಾರ್ಚ್‌ನಲ್ಲಿ ಇದನ್ನು ಸೇರಿಸಿಕೊಂಡಿತು. ಅದೇ ನಿಘಂಟಿನ ಪ್ರಕಾರ 1960ರಲ್ಲೇ ಈ ಮೂರಕ್ಷರ ಬಳಕೆಯಲ್ಲಿತ್ತು, ಆದರೆ ವಯಸ್ಸಾದ ಪುಟ್ಟ ಅಜ್ಜಿ ಎಂಬ ಅರ್ಥದಲ್ಲಿ. ನಗುವಿಗೂ ಅದಕ್ಕೂ ಸಂಬಂಧವಿಲ್ಲ. ಡಚ್ ಭಾಷೆಯಲ್ಲಿ ‘ಲೋಲ್’ ಎಂದರೆ ಮೋಜು ಎನ್ನುವುದು ನಿಜ, ಅದೂ ಬರೀ ಕಾಕತಾಳೀಯ. ಸೈತಾನನ ಗುಪ್ತ ಜಪ ಇದರೊಳಗಿದೆ ಎಂಬ ಫಾರ್ವರ್ಡ್ ಸಂದೇಶವಂತೂ ಶುದ್ಧ ಸುಳ್ಳು.

ಹಾಗೆಂದು ಲೋಲ್ ಬರೆದವರೆಲ್ಲ ನಿಜವಾಗಿ ನಕ್ಕಿರುತ್ತಾರೆ ಎಂದೂ ತಿಳಿಯಬೇಕಿಲ್ಲ. ಅಮೆರಿಕದ ಭಾಷಾವಿಜ್ಞಾನಿ ಜಾನ್ ಮೆಕ್‌ವರ್ಟರ್ ಇದನ್ನು ‘ನಿನ್ನ ಮಾತು ನನಗೆ ತಿಳಿಯಿತು, ನಾನೂ ನಿನ್ನ ಜೊತೆಗಿದ್ದೇನೆ’ ಎಂಬ ಸೂಚನೆಯಾಗಿ ವಿವರಿಸುತ್ತಾರೆ. ನನಗೂ ಅದು ಒಪ್ಪಿಗೆಯೇ. ಯುವಕರ ಹರಟೆಯಲ್ಲಿ ಅರ್ಧಕ್ಕರ್ಧ ಲೋಲ್‌ಗಳು ‘ಹ್ಞೂಂ’ಗುಟ್ಟುವ ಕೆಲಸವನ್ನೇ ಮಾಡುತ್ತವೆ. ಸಾವಿನ ಸುದ್ದಿಯ ಕೆಳಗೆ ಮಾತ್ರ ಯಾರೂ ಅದನ್ನು ಹಾಗೆ ಓದುವುದಿಲ್ಲ.

ಇದಕ್ಕಿಂತ ಹೆಚ್ಚು ಮನಸ್ಸು ನೋಯಿಸುವ ತಪ್ಪು ಇನ್ನೊಂದಿದೆ. ಎರಡು ಕಣ್ಣಿಂದಲೂ ನೀರು ಚಿಮ್ಮುವ ಹಳದಿ ಮುಖವನ್ನು ಅಳುಮುಖವೆಂದು ತಿಳಿದು ಸಂತಾಪಕ್ಕೆ ಹಾಕುವವರು ಬಹಳ. ಅದು ನಗುವಿನ ಕಣ್ಣೀರು, ಬಾಯಿ ಗಮನಿಸಿದರೆ ಹಲ್ಲು ಕಾಣುತ್ತದೆ. 2015ರಲ್ಲಿ ಆಕ್ಸ್‌ಫರ್ಡ್ ಸಂಸ್ಥೆ ವರ್ಷದ ಪದವೆಂದು ಆರಿಸಿದ್ದು ಇದೇ ಚಿತ್ರವನ್ನು. ಸಂತಾಪಕ್ಕೆ ಜೋಡಿಸಿದ ಕೈಗಳ ಚಿತ್ರ ಸಾಕು, ‘ಓಂ ಶಾಂತಿ’ ಎಂದು ಬರೆದರೆ ಇನ್ನೂ ಒಳ್ಳೆಯದು. ತಪ್ಪಿ ಲೋಲ್ ಹೋಗಿಬಿಟ್ಟರೆ ಗಾಬರಿ ಬೇಡ: ಆ ಸಂದೇಶದ ಮೇಲೆ ಬೆರಳೊತ್ತಿ ಹಿಡಿದರೆ 15 ನಿಮಿಷದೊಳಗೆ ತಿದ್ದಬಹುದು, ಆ ಸಮಯ ಮೀರಿದ್ದರೆ ‘ಡಿಲೀಟ್ ಫಾರ್ ಎವ್ರಿಒನ್’ ಒತ್ತಿ ತೆಗೆದುಹಾಕಬಹುದು.