ಹತ್ತು ಸೆಕೆಂಡಿನ ಬೆಳಕು

1880ರ ಸೆಪ್ಟೆಂಬರ್ 30ರಂದು ಹೆನ್ರಿ ಡ್ರೇಪರ್ ಎಂಬ ಅಮೆರಿಕದ ವೈದ್ಯ ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆಯತ್ತ ದೂರದರ್ಶಕ ತಿರುಗಿಸಿ, ಸುಮಾರು 50 ನಿಮಿಷ ಫೋಟೋ ಫಲಕದ ಮೇಲೆ ಬೆಳಕು ಬೀಳಿಸಿದ. ನೀಹಾರಿಕೆಯೊಂದರ ಮೊದಲ ಫೋಟೋ ಅದು. 1883ರಲ್ಲಿ ಇಂಗ್ಲೆಂಡಿನ ಆಂಡ್ರೂ ಕಾಮನ್ ಅದೇ ನೀಹಾರಿಕೆಯ ಚಿತ್ರ ತೆಗೆದಾಗ, ದೂರದರ್ಶಕಕ್ಕೆ ಕಣ್ಣಿಟ್ಟರೂ ಕಾಣದ ನಕ್ಷತ್ರಗಳು ಅದರಲ್ಲಿ ಮೂಡಿದ್ದವು. ಕಣ್ಣು ಒಂದು ಸೆಕೆಂಡಿನ ಸಣ್ಣ ಪಾಲಿನಷ್ಟು ಹೊತ್ತು ಮಾತ್ರ ಬೆಳಕನ್ನು ಹಿಡಿದಿಟ್ಟುಕೊಳ್ಳುತ್ತದೆ. ಫಲಕ ಅದನ್ನು ಕೂಡಿಸುತ್ತಲೇ ಹೋಗುತ್ತದೆ. ಇರುಳ ಬಾನಿನ ಛಾಯಾಗ್ರಹಣ ನಿಂತಿರುವುದೇ ಈ ವ್ಯತ್ಯಾಸದ ಮೇಲೆ.

ಇಂದು ಫಲಕದ ಜಾಗದಲ್ಲಿ ಸಿಲಿಕಾನ್ ಸೆನ್ಸರ್ ಇದೆ. ಅದಕ್ಕೆ ಫೋಟಾನ್ ಎಂಬ ಬೆಳಕಿನ ಕಣ ಬಡಿದರೆ ಎಲೆಕ್ಟ್ರಾನ್ ಬಿಡುಗಡೆಯಾಗುತ್ತದೆ. ಷಟರ್ ತೆರೆದಿರುವಷ್ಟು ಹೊತ್ತೂ ಪ್ರತಿ ಪಿಕ್ಸೆಲ್‌ನಲ್ಲಿ ಅವು ಜಮೆಯಾಗುತ್ತವೆ. ಐಎಸ್‌ಒ ಎಂಬ ಕ್ಯಾಮೆರಾ ಹೊಂದಿಕೆಯನ್ನು ಹೆಚ್ಚಿಸಿದರೆ ಬೆಳಕು ಹೆಚ್ಚುತ್ತದೆಂದು ಹೊಸಬರು ನಂಬುತ್ತಾರೆ. ಅದು ಬಂದಷ್ಟನ್ನೇ ಹಿಗ್ಗಿಸಿ ತೋರಿಸುತ್ತದೆ, ಅಷ್ಟೆ. ಬೆಳಕು ಹೆಚ್ಚಬೇಕೆಂದರೆ ಲೆನ್ಸಿನ ಕಿಂಡಿ ಅಗಲವಾಗಬೇಕು, ಇಲ್ಲವೇ ಷಟರ್ ಇನ್ನಷ್ಟು ಹೊತ್ತು ತೆರೆದಿರಬೇಕು.

ಹಾಗೆಂದು ಬೇಕಾದಷ್ಟು ಹೊತ್ತು ತೆರೆದಿಡಲು ಭೂಮಿ ಬಿಡುವುದಿಲ್ಲ. ಅದು ತಿರುಗುವುದರಿಂದ ನಕ್ಷತ್ರಗಳು ಗಂಟೆಗೆ 15 ಡಿಗ್ರಿ ಸರಿಯುತ್ತವೆ. 500ನ್ನು ಮಿ.ಮೀ.ಗಳಲ್ಲಿರುವ ಲೆನ್ಸಿನ ನಾಭಿದೂರದಿಂದ ಭಾಗಿಸಿದರೆ ಷಟರ್ ಎಷ್ಟು ಸೆಕೆಂಡು ತೆರೆದಿಡಬಹುದು ಎಂದು ತಿಳಿಯುತ್ತದೆ ಎಂಬ ಸೂತ್ರವೊಂದು ಬಳಕೆಯಲ್ಲಿದೆ. ನನಗೆ ಅದು ತೀರಾ ಉದಾರವೆನಿಸುತ್ತದೆ. ನಾಲ್ಕು ಮೈಕ್ರಾನ್ ಪಿಕ್ಸೆಲ್‌ಗಳ ಕ್ಯಾಮೆರಾಕ್ಕೆ 18 ಮಿ.ಮೀ. ಲೆನ್ಸ್ ಹಾಕಿದರೆ, ಮಹಾವ್ಯಾಧನ ನಡುಪಟ್ಟಿಯ ನಕ್ಷತ್ರ ಮೂರೇ ಸೆಕೆಂಡಿನಲ್ಲಿ ಒಂದು ಪಿಕ್ಸೆಲ್ ದಾಟಿರುತ್ತದೆ. ಇಪ್ಪತ್ತು ಸೆಕೆಂಡಿಗೆ ಚುಕ್ಕಿ ಗೀರಾಗುತ್ತದೆ. ಹತ್ತಕ್ಕೇ ನಿಲ್ಲಿಸುವುದು ಲೇಸು.

ಹತ್ತು ಸೆಕೆಂಡು ಸಾಲದೆಂಬ ಕೊರಗು ಬೇಡ. ಅಂಥ ನೂರು ಚಿತ್ರ ತೆಗೆದು ನಕ್ಷತ್ರಗಳನ್ನು ಒಂದರ ಮೇಲೊಂದು ಕೂರಿಸಿ ಸರಾಸರಿ ಮಾಡಿದರೆ, ನಕ್ಷತ್ರದ ಬೆಳಕು ಹಾಗೇ ಉಳಿದು, ಚಿತ್ರದಿಂದ ಚಿತ್ರಕ್ಕೆ ಬದಲಾಗುವ ಕಾಳುಕಾಳಾದ ಕಲೆ ಹತ್ತನೇ ಒಂದಕ್ಕೆ ಇಳಿಯುತ್ತದೆ. ಹದಿನಾರು ಚಿತ್ರಗಳಾದರೆ ಕಾಲು ಭಾಗಕ್ಕೆ. ಡೀಪ್‌ಸ್ಕೈಸ್ಟ್ಯಾಕರ್‌ನಂಥ ಉಚಿತ ತಂತ್ರಾಂಶ ಈ ಕೆಲಸ ಮಾಡಿಕೊಡುತ್ತದೆ. ರಾತ್ರಿ ಚಿತ್ರ ತೆಗೆಯುವ ಎಷ್ಟೋ ಮೊಬೈಲುಗಳ ಒಳಗೆ ನಡೆಯುವುದೂ ಇದೇ. ಡ್ರೇಪರ್ ಒಂದೇ ಫಲಕದ ಮೇಲೆ ಕೂಡಿಸಿದ್ದನ್ನು ನಾವು ಬಿಡಿಬಿಡಿಯಾಗಿ ಕೂಡಿಸುತ್ತೇವೆ. ಹಾಗಾಗಿ ಮೊದಲ ದುಡ್ಡನ್ನು ದುಬಾರಿ ಲೆನ್ಸಿಗೆ ಸುರಿಯಬೇಡಿ. ಗಾಳಿಗೆ ಅಲುಗದ ಟ್ರೈಪಾಡ್ ಕೊಳ್ಳಿ.

ಮೊದಲ ಗುರಿಗೆ ಮಹಾವ್ಯಾಧನೇ ಸರಿ. ಜನವರಿ, ಫೆಬ್ರುವರಿಯಲ್ಲಿ ಕರ್ನಾಟಕದ ಆಕಾಶ ಬಹುಪಾಲು ತಿಳಿಯಾಗಿರುತ್ತದೆ, ರಾತ್ರಿ ಎಂಟೊಂಬತ್ತರ ಹೊತ್ತಿಗೆ ಅವನು ನೆತ್ತಿಯ ಹತ್ತಿರವಿರುತ್ತಾನೆ. ಅಮಾವಾಸ್ಯೆಯ ಆಸುಪಾಸು ನೋಡಿಕೊಂಡು ಊರದೀಪಗಳಿಂದ ದೂರ ಹೋಗಿ. ಲೆನ್ಸಿನ ಮೇಲಿನ ಅನಂತದ ಗುರುತನ್ನು ನಂಬದೆ, ಪರದೆಯಲ್ಲಿ ಲುಬ್ಧಕ ನಕ್ಷತ್ರವನ್ನು ಹಿಗ್ಗಿಸಿ, ಅದು ಅತಿ ಸಣ್ಣ ಚುಕ್ಕಿಯಾಗುವವರೆಗೆ ಕೈಯಿಂದಲೇ ಫೋಕಸ್ ತಿರುಗಿಸಿ. ಐಎಸ್‌ಒ 1600, ಕಿಂಡಿ ಪೂರ್ತಿ ತೆರೆದು, ರಾ ಫೈಲಿನಲ್ಲಿ. ಗುಂಡಿ ಒತ್ತಿದಾಗ ಕ್ಯಾಮೆರಾ ಅಲುಗದಂತೆ ಎರಡು ಸೆಕೆಂಡಿನ ಟೈಮರ್ ಇಡಿ. ನಡುಪಟ್ಟಿಯ ಕೆಳಗೆ ನಸುಗೆಂಪು ಮಸುಕೊಂದು ಕಂಡರೆ ಅದೇ ಡ್ರೇಪರನ ನೀಹಾರಿಕೆ. ಮಬ್ಬು ಬೆಳಕಿನಲ್ಲಿ ಕೆಂಪು ಗುರುತಿಸಲಾರದ ಕಣ್ಣಿಗೆ ಆ ಹೈಡ್ರೋಜನ್ ಬಣ್ಣ ಸಿಗುವುದಿಲ್ಲ, ಸೆನ್ಸರಿಗೆ ಸಿಗುತ್ತದೆ. ಆಕಾಶಗಂಗೆಯ ನಡುಭಾಗ ಬೇಕಿದ್ದವರು ಮಾರ್ಚ್, ಏಪ್ರಿಲ್‌ನಲ್ಲಿ ಬೆಳಗಿನ ಜಾವ ಎದ್ದು ಆಗ್ನೇಯದ ವೃಶ್ಚಿಕ, ಧನು ರಾಶಿಗಳತ್ತ ತಿರುಗಬೇಕು. ಜೂನ್ ಬಂದರೆ ಮುಂಗಾರಿನ ಮೋಡ ಮುಚ್ಚುತ್ತದೆ.

ಆಸೆ ಬೆಳೆದು ಮುಂದೊಮ್ಮೆ ಭೂಮಿಯ ಸುತ್ತಿಗೆ ಎದುರಾಗಿ ಕ್ಯಾಮೆರಾ ತಿರುಗಿಸುವ ಟ್ರ್ಯಾಕರ್ ಕೊಂಡಾಗ, ಅದರ ಅಕ್ಷವನ್ನು ಧ್ರುವ ನಕ್ಷತ್ರದತ್ತ ಹೊಂದಿಸಬೇಕಾಗುತ್ತದೆ. ಬೆಂಗಳೂರಿನ ಅಕ್ಷಾಂಶದಲ್ಲಿ ಧ್ರುವ ದಿಗಂತದಿಂದ ಬರೀ 13 ಡಿಗ್ರಿ ಎತ್ತರದಲ್ಲಿದ್ದಾನೆ. ಒಂದು ತೆಂಗಿನ ಮರ ಅಡ್ಡವಿದ್ದರೂ ಸಿಗುವುದಿಲ್ಲ. ಆದ್ದರಿಂದ ಜಾಗ ಹುಡುಕುವಾಗಲೇ ಬಡಗಣ ದಿಕ್ಕು ತೆರೆದಿದೆಯೇ ನೋಡಿಕೊಳ್ಳಿ.